ತಿಪ್ಪಮ್ಮತ್ತೆಯ ತೆಪ್ಪದಲ್ಲಿ ಮೂರು ದಿನ

ಹಿರಿಯೂರಿನಲ್ಲಿ ರಸ್ತೆಗೆ ಡಾಂಬರು ಹಾಕುವಾಗ ಎಲ್ಲರೂ ಮೂಗು ಮುಚ್ಚಿಕೊಂಡು ಹೋಗುತ್ತಾರೆ. ನಾನೊಬ್ಬಳು ನಿಂತು ಉಸಿರೆಳೆದುಕೊಳ್ಳುತ್ತೇನೆ. ನನಗದು ಮಾರಿಕಣಿವೆಯ ಹಿನ್ನೀರಿನ ದಡದಲ್ಲಿದ್ದ ತಿಪ್ಪಮ್ಮತ್ತೆಯ ಮನೆಯ ವಾಸನೆ. ಅಪ್ಪನ ಅಕ್ಕ ಅವಳು. ಮೀನು ಹಿಡಿಯುವ ಮನೆಗೆ ಸೊಸೆಯಾಗಿ ಹೋದವಳು. ಬಿದಿರು ಹೆಣೆದು, ಚೀಲ ಹೊದಿಸಿ, ಡಾಂಬರು ಬಳಿದ ದುಂಡನೆಯ ತೆಪ್ಪವೊಂದು ಅವಳ ಅಂಗಳದಲ್ಲಿ ಬೋರಲು ಬಿದ್ದಿರುತ್ತಿತ್ತು. ಬೇಸಿಗೆ ರಜೆ ಬಂತೆಂದರೆ ನಮ್ಮೂರು ಮತ್ತೋಡಿನಲ್ಲಿ ನನ್ನನ್ನು ಬಸ್ಸು ಹತ್ತಿಸುತ್ತಿದ್ದರು. ನಿಮಗೂ ಅಂಥದೊಂದು ಮನೆ ಇದ್ದಿರಬೇಕು, ಈಗ ಹೋಗಿ ಹುಡುಕಿದರೂ ಸಿಗದಂಥದ್ದು.

ಪ್ರತಿ ರಜೆಯಲ್ಲೊಮ್ಮೆ ಅತ್ತೆ ನನ್ನನ್ನೂ ಪಕ್ಕದ ಮನೆಯ ಗೆಳತಿಯರಾದ ಶಿವಿ, ನಾಗವೇಣಿಯರನ್ನೂ ಕೂರಿಸಿಕೊಂಡು ಮೂರು ದಿನ ಆಚೆ ದಡಕ್ಕೆ ಬಲೆ ಬಿಡಲು ಹೋಗುತ್ತಿದ್ದಳು. ನಮಗೆ ಅದೇ ಲೋಕಸಂಚಾರ. ಅತ್ತೆಯದು ಹುಟ್ಟು ಹಾಕುವ ಕೆಲಸ. ಶಿವಿ ತೆಪ್ಪದೊಳಗೆ ಜಿನುಗಿದ ನೀರನ್ನು ಡಬ್ಬದಿಂದ ಎತ್ತಿ ಚೆಲ್ಲಬೇಕು, ನಾಗವೇಣಿ ಬಲೆಯ ಕಸ ಬಿಡಿಸಬೇಕು, ನಾನು ದಡದಲ್ಲಿ ಪಾತ್ರೆ ತಿಕ್ಕಿ ಮುದ್ದೆ ತಿರುವಬೇಕು. ಗಾಳಿ ನಾವು ಹೋಗುವ ಕಡೆಗೇ ಬೀಸುತ್ತಿದ್ದರೆ ಅತ್ತೆಯ ಹಳೇ ಸೀರೆಯನ್ನು ಇಬ್ಬರು ಎತ್ತಿ ಹಿಡಿಯುತ್ತಿದ್ದೆವು. ಅದೇ ನಮ್ಮ ಹಾಯಿ. ನನಗೆ ಮಾತ್ರ ಹುಟ್ಟಿನ ಮೇಲೇ ಕಣ್ಣು. ಕೇಳಿದರೆ ಅತ್ತೆ, "ಮುದ್ದೆ ತಿರುವಾಕೆ ಬರದ ಕೈಗೆ ಹುಟ್ಟು ಕೊಟ್ರೆ ದಡ ಕಂಡಂಗೇ ಐತೆ ಬಿಡು" ಎಂದು ನಗುತ್ತಿದ್ದಳು.

ನನಗೆ ಹತ್ತು ವರ್ಷವಾಗಿದ್ದಾಗಿನ ರಜೆ ಅದು. ಹೇಗಾದರೂ ಅವಳನ್ನು ಮೆಚ್ಚಿಸಬೇಕೆಂದು ಎರಡನೇ ದಿನ ಮಧ್ಯಾಹ್ನ, ಎಲ್ಲರೂ ಜಾಲಿ ಮರದ ನೆರಳಲ್ಲಿ ಮಲಗಿದ್ದಾಗ, ದಡದಲ್ಲಿ ಬೋರಲು ಹಾಕಿದ್ದ ತೆಪ್ಪದ ತಳವನ್ನು ಮಡಕೆಯ ಚೂರಿನಿಂದ ಕೆರೆಯತೊಡಗಿದೆ. ನಮ್ಮೂರಲ್ಲಿ ಒಲೆಯ ಮೇಲಿನ ಪಾತ್ರೆಗೆ ಹಿಡಿದ ಮಸಿ ತೆಗೆಯುವುದು ಹಾಗೆಯೇ. ಒಣಗಿದ ಡಾಂಬರು ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ನನಗೋ ಹೆಮ್ಮೆಯೋ ಹೆಮ್ಮೆ.

ಮರುದಿನ ವಾಪಸು ಬರುವಾಗ ನಡು ನೀರಿನಲ್ಲಿ ಕಾಲಡಿ ತಣ್ಣಗಾಯಿತು. ಶಿವಿ ಎಷ್ಟು ಚೆಲ್ಲಿದರೂ ನೀರು ಏರುತ್ತಲೇ ಇತ್ತು.

"ಯಾರೇ ತಳ ಕೆರೆದೋರು?" ತಳದಲ್ಲಿ ಬಿದ್ದಿದ್ದ ತೂತನ್ನು ತಡವಿ ನೋಡಿ ಅತ್ತೆ ಕೇಳಿದಳು.

ನನಗೋ, ಒಪ್ಪಿಕೊಂಡರೆ ಇನ್ನೆಂದೂ ತೆಪ್ಪಕ್ಕೆ ಹತ್ತಿಸಲಾರಳು ಎಂಬ ಭಯ. ಅಷ್ಟರಲ್ಲಿ ಶಿವಿ, "ನಾನು ಕಣ್ ದೊಡ್ಡಮ್ಮ" ಎಂದಳು. "ಅಲ್ಲ, ನಾನು" ಎಂದಳು ನಾಗವೇಣಿ.

"ನೀವಿಬ್ರೂ ನೀರಿನ ಮೇಲೆ ಬೆಳೆದೋರು. ಡಾಂಬರು ನಿಮಗೆ ಮಸಿ ಅಂತ ಕಾಣಾದಿಲ್ಲ" ಎಂದಳು ಅತ್ತೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ನಾನೇ, ಅತ್ತೆ" ಎಂದೆ, ಅಳುತ್ತಾ.

ಅವಳು ಬೈಯಲಿಲ್ಲ. ಬುತ್ತಿಯಲ್ಲಿ ಮಿಕ್ಕಿದ್ದ ನನ್ನ ಗಂಟುಗಂಟಾದ ಮುದ್ದೆಯನ್ನು ಹರಕು ಬಟ್ಟೆಯಲ್ಲಿ ಸುತ್ತಿ, "ಬಾಯಿಗಂತೂ ಆಗ್ಲಿಲ್ಲ, ತೆಪ್ಪಕ್ಕಾರ ಆಗ್ಲಿ" ಎನ್ನುತ್ತಾ ತೂತಿಗೆ ಒತ್ತಿ ಅದರ ಮೇಲೆ ಕುಳಿತೇಬಿಟ್ಟಳು. ಆಮೇಲೆ ಹುಟ್ಟನ್ನು ನನ್ನ ಕೈಗಿಟ್ಟಳು. "ಹಿಡಿ. ನಾನು ಎದ್ರೆ ನೀರು ನುಗ್ತೈತೆ." ಮೊದಲು ತೆಪ್ಪ ಇದ್ದಲ್ಲೇ ಗಿರಗಿರ ತಿರುಗಿತು. "ಎದುರಿಗಿರೋ ಗುಡ್ಡ ನೋಡ್ಕಂಡು ಹಾಕು" ಎಂದಳು. ಹಾಕಿದೆ. ಅಂಗೈ ಬೊಬ್ಬೆ ಬರುವ ಹೊತ್ತಿಗೆ ದಡ ಮುಟ್ಟಿದ್ದೆವು.

ಎಷ್ಟೋ ವರ್ಷಗಳ ಮೇಲೆ ಜಲಾಶಯ ತುಂಬಿದಾಗ ಆ ದಡವೂ ಅತ್ತೆಯ ಮನೆಯ ಜಾಗವೂ ನೀರಿನಡಿ ಸೇರಿದವು. ತುಂಬಿದ ನೀರು ನೋಡಿ ಊರಿಗೆ ಊರೇ ಕುಣಿಯಿತು, ನಾನೂ ಕುಣಿದೆ, ಆಮೇಲೆ ಒಬ್ಬಳೇ ಕೂತು ಅತ್ತುಬಿಟ್ಟೆ. ಅಷ್ಟರಲ್ಲಿ ತಿಪ್ಪಮ್ಮತ್ತೆ ಹೋಗಿ ಎರಡು ವರ್ಷವಾಗಿತ್ತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಅವಳ ಕೊನೆಯ ದಿನಗಳಲ್ಲಿ ನರ್ಸಮ್ಮ ನನ್ನನ್ನು ತೋರಿಸಿ, ಯಾರಜ್ಜಿ ಇವರು ಎಂದು ಕೇಳಿದ್ದರು. ಅತ್ತೆ ನನ್ನ ಕೈ ಹಿಡಿದುಕೊಂಡು, "ನನ್ನ ತಮ್ಮನ ಮಗಳು ಕಣಮ್ಮ. ನಡು ನೀರಾಗೆ ಇವಳನ್ನ ನಂಬಬೌದು" ಎಂದಿದ್ದಳು.

ಈ ಬೇಸಿಗೆಯಲ್ಲಿ ಶಿವಿ, ನಾಗವೇಣಿ ಇಬ್ಬರೂ ತಮ್ಮ ಮೊಮ್ಮಕ್ಕಳನ್ನು ಕರೆತರುತ್ತಾರಂತೆ. ಮಕ್ಕಳಿಗೆ ಆಚೆ ದಡ ನೋಡಬೇಕಂತೆ. "ತೆಪ್ಪ ಯಾರು ನಡೆಸೋರು?" ಎಂದು ಶಿವಿ ಫೋನಿನಲ್ಲಿ ಕೇಳಿದಳು. "ನಾನೈದೀನಲ್ಲೇ, ಹೋಗಾಣ" ಎಂದೆ.