ಮೋಟಾರು ನಿಂತ ಭಾನುವಾರ

ಡಾಟ್‌ಕಾಮ್ ಕುಸಿತದ ಕಾಲದಲ್ಲಿ, ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ನಾನು ಕೆಲಸ ಮಾಡುತ್ತಿದ್ದ ಸಣ್ಣ ಚಿಪ್ ಕಂಪನಿ ಬಾಗಿಲು ಹಾಕಿತು. ಬೆಳಿಗ್ಗೆ ಹತ್ತು ಗಂಟೆಗೆ ಮೀಟಿಂಗ್‌ಗೆ ಕರೆದರು, ಹನ್ನೊಂದಕ್ಕೆ ನಾನು ಪಾರ್ಕಿಂಗ್‌ನಲ್ಲಿದ್ದೆ. ಪಕ್ಕದೂರು ರೌಂಡ್ ರಾಕ್‌ನ ಮನೆಗೆ ಬಂದು ಊಟ ಮಾಡಿ ಮಲಗಿದೆ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಒಳ್ಳೆಯ ಲಕ್ಷಣವೆಂದೇ ಅಂದುಕೊಂಡೆ. ಗೆಳೆಯರೂ "ನೀನು ಗಟ್ಟಿ ಕಣೋ" ಎಂದರು. ಬೇರೆ ಕೆಲಸ ಸಿಗಲಿಲ್ಲ. ಹುಡುಕುವುದನ್ನು ಯಾವ ವಾರ ನಿಲ್ಲಿಸಿದೆನೋ, ಅದು ನನಗೇ ಗೊತ್ತಾಗಲಿಲ್ಲ.

ನನ್ನ ಹೆಂಡತಿ ಮೈಸೂರಿನ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡಿದವಳು. ಮದುವೆಯಾಗಿ ಟೆಕ್ಸಾಸ್‌ಗೆ ಬಂದ ಮೇಲೆ ಏಳು ವರ್ಷ ಮನೆಯಲ್ಲೇ ಇದ್ದಳು. ಇಲ್ಲಿ ಡಾಕ್ಟರಾಗಲು ಬರೆಯಬೇಕಾದ ಪರೀಕ್ಷೆಯ ದಪ್ಪ ಪುಸ್ತಕಗಳು ಮಗಳ ಹಳೆಯ ಆಟಿಕೆಗಳ ಕೆಳಗೆ ಸೇರಿಹೋಗಿದ್ದವು. ಒಂದು ದಿನ ಅವಳ ಸಹಪಾಠಿಯೊಬ್ಬಳು ಫೋನ್ ಮಾಡಿ, ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪವೊಂದರ ಮೆಡಿಕಲ್ ಕಾಲೇಜಿಗೆ ಅನಾಟಮಿ ಟೀಚರ್ ಬೇಕಂತೆ ಎಂದಳು. ಅಮೆರಿಕದಲ್ಲಿ ಸೀಟು ಸಿಗದ ಹುಡುಗ ಹುಡುಗಿಯರು ಅಲ್ಲಿಗೆ ಹೋಗಿ ಓದುತ್ತಿದ್ದರು. ಹ್ಯೂಸ್ಟನ್ನಿನ ನಮ್ಮವರ ಮಕ್ಕಳೂ ಅವರಲ್ಲಿದ್ದರು.

"ಹೋಗೋಣ್ವಾ?" ಎಂದು ನನ್ನನ್ನು ಕೇಳಿದಳು.

"ಹೋಗೋಣ."

"ಸ್ವಲ್ಪ ಯೋಚನೆ ಮಾಡಿ ಹೇಳ್ರೀ."

ಯೋಚಿಸಲು ನನ್ನೊಳಗೆ ಏನೂ ಇರಲಿಲ್ಲ. ಮನೆಯನ್ನು ಬಾಡಿಗೆಗೆ ಕೊಟ್ಟು, ಆರು ವರ್ಷದ ಮಗಳನ್ನು ಕರೆದುಕೊಂಡು ಹೊರಟೆವು.

ದ್ವೀಪವನ್ನು ಕಾರಿನಲ್ಲಿ ಒಂದು ಗಂಟೆಯೊಳಗೆ ಸುತ್ತಿ ಬರಬಹುದಿತ್ತು. ಹೆಂಡತಿ ಏಳೂವರೆಗೆ ಕಾಲೇಜಿಗೆ ಹೋಗುತ್ತಿದ್ದಳು, ಮಗಳು ಎಂಟಕ್ಕೆ ಶಾಲೆಗೆ. ನಾನು ಅನ್ನ ಸಾರು ಮಾಡಿಟ್ಟು ವರಾಂಡದಲ್ಲಿ ಕೂರುತ್ತಿದ್ದೆ. ಎದುರಿಗೇ ಸಮುದ್ರ. ಅದನ್ನು ನೋಡಲೆಂದು ಜನ ವಿಮಾನ ಹತ್ತಿ ಬರುತ್ತಿದ್ದರು. ನಾನು ನೋಡುತ್ತಿದ್ದೆ, ಅಷ್ಟೇ. ಬಟ್ಟೆ ಒಗೆಯುವ ಮೆಷಿನ್ ತಿರುಗುವುದನ್ನು ನೋಡಿದರೂ ನನಗೆ ಹಾಗೇ ಇರುತ್ತಿತ್ತು.

ಹೆಂಡತಿಯ ಕಾಲೇಜಿನಲ್ಲಿ ಧಾರವಾಡ ಕಡೆಯ ಹಿರಿಯ ಪ್ರೊಫೆಸರೊಬ್ಬರಿದ್ದರು, ಒಂಟಿ ಮನುಷ್ಯ. ನಾನು ಹೀಗೆ ಕೂತಿರುವುದನ್ನು ಕಂಡು ಅವರೇ ಒಂದು ಭಾನುವಾರ ಮನೆ ಬಾಗಿಲಿಗೆ ಬಂದರು.

"ಮನ್ಯಾಗ ಕುಂತು ಗ್ವಾಡಿ ನೋಡಿದ್ರ ಏನ್ ಬರ್ತದರಿ? ನಡ್ರಿ, ದೋಣಿ ತಯಾರೈತಿ. ಮಗೂನ್ನೂ ಕರ್ಕೊಳ್ರಿ."

ಅಂದಿನಿಂದ ಪ್ರತಿ ಭಾನುವಾರ ದೋಣಿ. ಅದು ಊರಿನ ಮೀನುಗಾರನದು, ಹಿಂದೆ ಒಂದೇ ಮೋಟಾರು, ಮೇಲೆ ಕ್ಯಾನ್‌ವಾಸ್ ಚಪ್ಪರ. ಅವನಿಗೆ ಅರವತ್ತು ದಾಟಿತ್ತು. ನಾವೆಲ್ಲ ಅವನನ್ನು ಕ್ಯಾಪ್ಟನ್ ಎಂದು ಕರೆಯುತ್ತಿದ್ದೆವು. ಪ್ರೊಫೆಸರು ದೊಡ್ಡ ಡಬ್ಬಿಯಲ್ಲಿ ಚುರುಮುರಿ ಕಲೆಸಿಕೊಂಡು ಬರುತ್ತಿದ್ದರು. ಹವಳದ ದಿಬ್ಬದ ಹತ್ತಿರ ಕ್ಯಾಪ್ಟನ್ ಲಂಗರು ಹಾಕುತ್ತಿದ್ದ. ಈಜುವ ಕನ್ನಡಕ ತೊಟ್ಟು ನೀರಿಗೆ ಮುಖವಿಟ್ಟರೆ ಕೆಳಗೆ ಹಳದಿ ಮೀನು, ನೀಲಿ ಮೀನು. ಒಮ್ಮೆ ನನ್ನ ಮಗಳ ಪಕ್ಕದಲ್ಲೇ ಒಂದು ಆಮೆ ಈಜಿಕೊಂಡು ಹೋಯಿತು. ಎಲ್ಲರೂ ಕೂಗಿಕೊಂಡರು. ಕಾರಿನ ಕಿಟಕಿ ಏರಿಸಿದ್ದೆನೋ ಇಲ್ಲವೋ ಎಂದು ನಾನು ಯೋಚಿಸುತ್ತಿದ್ದೆ.

"ಚೆನ್ನಾಗಿದೆ ಅಲ್ವಾ?" ಎಂದು ಹೆಂಡತಿ ಕೇಳುತ್ತಿದ್ದಳು.

"ತುಂಬಾ ಚೆನ್ನಾಗಿದೆ" ಎನ್ನುತ್ತಿದ್ದೆ. ಸುಳ್ಳಲ್ಲ. ಚೆನ್ನಾಗಿದೆಯೆಂದು ನನಗೆ ತಿಳಿಯುತ್ತಿತ್ತು. ತಿಳಿದದ್ದು ಅಲ್ಲಿಂದ ಮುಂದೆ ಎಲ್ಲಿಗೂ ಹೋಗುತ್ತಿರಲಿಲ್ಲ.

ಎರಡನೆಯ ವರ್ಷದ ಬೇಸಿಗೆಗೆ ಮುಂಚೆ ಒಂದು ಭಾನುವಾರ, ಜನವಸತಿಯಿಲ್ಲದ ಒಂದು ತುಣುಕು ದ್ವೀಪಕ್ಕೆ ಹೋಗಿ ಊಟ ಮಾಡಿ ಹಿಂದಿರುಗುತ್ತಿದ್ದೆವು. ನಡುದಾರಿಯಲ್ಲಿ ಮೋಟಾರು ಎರಡು ಸಲ ಕೆಮ್ಮಿ ನಿಂತಿತು. ಕ್ಯಾಪ್ಟನ್ ಮುಚ್ಚಳ ತೆಗೆದು ಏನೇನೋ ಬಿಚ್ಚಿದ, ಊದಿದ, ಮತ್ತೆ ಜೋಡಿಸಿದ. ಹಗ್ಗ ಎಳೆದ. ಇಲ್ಲ. ಲಂಗರು ಬಿಟ್ಟರೆ ತಳ ಸಿಗಲಿಲ್ಲ. ರೇಡಿಯೋ ಬರೀ ಕರಕರ ಎಂದಿತು. ಸೆಳೆತ ನಮ್ಮನ್ನು ತೆರೆದ ಸಮುದ್ರದ ಕಡೆ ಒಯ್ಯುತ್ತಿತ್ತು. ಮೊದಲು ನಮ್ಮೂರಿನ ಮನೆಗಳು ಕಾಣದಾದವು, ಆಮೇಲೆ ಗುಡ್ಡದ ಬುಡ. ಕೊನೆಗೆ ಗುಡ್ಡದ ತಲೆಯಷ್ಟೇ ಉಳಿಯಿತು.

ಪ್ರೊಫೆಸರು ವಾಂತಿ ಮಾಡಿಕೊಂಡು, ದೋಣಿಯ ಅಂಚು ಹಿಡಿದು "ಯಪ್ಪಾ, ಯಪ್ಪಾ" ಎನ್ನುತ್ತಿದ್ದರು. ಹೆಂಡತಿ ಮಗಳಿಗೆ ಲೈಫ್ ಜಾಕೆಟ್ ಬಿಗಿದು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು. ಕ್ಯಾಪ್ಟನ್‌ನ ಮುಷ್ಟಿ ಕೊರಳಿನ ಶಿಲುಬೆಯನ್ನು ಬಿಗಿಹಿಡಿದದ್ದನ್ನು ನಾನು ಕಂಡೆ. ಈ ಸಮುದ್ರ ಬಲ್ಲವನೇ ಹೆದರಿದ್ದಾನೆ ಎಂದು ಲೆಕ್ಕ ಹಾಕಿದೆ. ಲೆಕ್ಕ ಸರಿಯಾಗೇ ಬಂತು. ಆಮೇಲೆ ಚೀಲದಿಂದ ಒಂದು ಕಿತ್ತಳೆ ತೆಗೆದು ಸುಲಿದೆ. ನಾರು ಬಿಡಿಸಿ, ಒಂದೊಂದೇ ತೊಳೆ ಮಗಳ ಬಾಯಿಗಿಟ್ಟೆ, ಉಳಿದದ್ದನ್ನು ನಾನು ತಿಂದೆ. ತಲೆಯೆತ್ತಿದಾಗ ಹೆಂಡತಿ ಸಮುದ್ರವನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

ಮೂರು ಗಂಟೆ ಕಳೆದ ಮೇಲೆ ಬೇರೆ ದ್ವೀಪದ ಮೀನುಗಾರರ ದೋಣಿಯೊಂದು ನಮ್ಮನ್ನು ಕಂಡು ಹಗ್ಗ ಎಸೆಯಿತು. ದಡ ಮುಟ್ಟಿದಾಗ ಪ್ರೊಫೆಸರು ಮರಳಿನ ಮೇಲೆ ಕೂತು ಗಟ್ಟಿಯಾಗಿ ಅತ್ತರು. ನಾನು ಡಬ್ಬಿಗಳನ್ನು ಕಾರಿನಲ್ಲಿಟ್ಟೆ.

ಮರುದಿನ ಸಂಜೆ ಹೆಂಡತಿ ಅಡುಗೆಮನೆಯಲ್ಲಿ ನನ್ನನ್ನು ಕೂರಿಸಿಕೊಂಡಳು.

"ನಿಮಗೆ ಭಯ ಆಗ್ಲಿಲ್ವಾ?"

"ಇಲ್ಲ."

"ಧೈರ್ಯ ಅದು ಅಂದ್ಕೊಂಡಿದೀರಾ?"

"ಇಲ್ಲ."

"ಮಗು ಇತ್ತು ದೋಣೀಲಿ. ಅದಕ್ಕೂ ಏನೂ ಅನ್ನಿಸ್ಲಿಲ್ವಾ?"

ಅವಳು ಕೂಗಾಡಲಿಲ್ಲ, ಅಳಲಿಲ್ಲ. "ನಾನು ಡಾಕ್ಟರು ಕಣ್ರೀ. ಎರಡು ವರ್ಷದಿಂದ ಕಣ್ಮುಂದೇನೇ ಇದೆ, ನೋಡ್ಲಿಲ್ಲ ನಾನು" ಎಂದಷ್ಟೇ ಹೇಳಿ, ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿದ್ದ ತನ್ನ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದಳು.

ನಾನೊಬ್ಬನೇ ಹ್ಯೂಸ್ಟನ್ನಿಗೆ ಬಂದೆ. ಆ ಭಾವಮೈದ ತೈಲ ಕಂಪನಿಯೊಂದರಲ್ಲಿ ಎಂಜಿನಿಯರ್. ಮಹಡಿಯ ಕೋಣೆ ಬಿಟ್ಟುಕೊಟ್ಟ, ಏನನ್ನೂ ಕೇಳಲಿಲ್ಲ. ಅಲ್ಲಿಯ ಮನೋವೈದ್ಯರೊಬ್ಬರು ಮಾತ್ರೆ ಬರೆದುಕೊಟ್ಟರು, ವಾರಕ್ಕೊಮ್ಮೆ ಮಾತಾಡಿಸಿದರು. ಕೊನೆಯ ಸಲ ಸಂತೋಷವಾದದ್ದು ಯಾವಾಗ ಎಂದು ಅವರು ಕೇಳಿದಾಗ, ಎಲ್ಲರೂ ರಜೆಯಲ್ಲಿ ಮಾಡುವುದನ್ನೆಲ್ಲ ನಾನು ಪ್ರತಿ ಭಾನುವಾರ ಮಾಡಿದ್ದೇನೆ ಎಂದು ಹೇಳಿದೆ. ಅವರು ಅದನ್ನು ಬರೆದುಕೊಂಡರು.

ನಾಲ್ಕನೆಯ ತಿಂಗಳಲ್ಲಿ ಐ-ಟೆನ್ ಹೆದ್ದಾರಿಯಲ್ಲಿ ಒಂದು ಪಿಕಪ್ ನನ್ನ ಮುಂದೆ ನುಗ್ಗಿತು. ನಾನು ಹಾರ್ನ್ ಒತ್ತಿ, ಕಿಟಕಿ ಇಳಿಸಿ, ಮೈಸೂರಿನ ಬೀದಿಯಲ್ಲಿ ಕಲಿತ ಬೈಗುಳವನ್ನೆಲ್ಲ ಬೈದೆ. ಆಮೇಲೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ಕೇಟಿಗೆ ಬಂದವನೇ ಹೆಂಡತಿಗೆ ಫೋನ್ ಮಾಡಿದೆ.

"ನನಗಿವತ್ತು ಸಿಟ್ಟು ಬಂತು ಕಣೇ."

"ಯಾರ ಮೇಲೆ?" ಎಂದು ಕೇಳಿದಳು. ಪಿಕಪ್ಪಿನ ಕಥೆ ಹೇಳಿದೆ. ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

ಪೂರ್ತಿ ವಾಸಿಯಾಯಿತೆಂದು ಹೇಳಲಾರೆ. ಆಗಾಗ ಬರುತ್ತದೆ, ವಾರಗಟ್ಟಲೆ ಇದ್ದು ಹೋಗುತ್ತದೆ. ಕಾಲೇಜಿನ ಒಪ್ಪಂದ ಮುಗಿಸಿ ಹೆಂಡತಿ, ಮಗಳು ಬಂದರು. ಹ್ಯೂಸ್ಟನ್ ಹತ್ತಿರದ ಮಿಸೌರಿ ಸಿಟಿಯಲ್ಲಿ ಮನೆ ಮಾಡಿದೆವು. ಅವಳಿಗೆ ಪಾಠ ಮಾಡುವ ಕೆಲಸ ಸಿಕ್ಕಿತು, ನನಗೆ ಮೊದಲಿಗಿಂತ ಸಣ್ಣದೊಂದು ಕೆಲಸ.

ಮಗಳಿಗೆ ಹದಿಮೂರು ತುಂಬಿದ ವರ್ಷ, ಮನೆಗೆ ಊಟಕ್ಕೆ ಬಂದಿದ್ದವರ ಮುಂದೆ ಅವಳು ಆ ದೋಣಿಯ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿದಳು. ಎಲ್ಲರೂ ಹೆದರಿದ್ದರಂತೆ, ಅಪ್ಪ ಒಬ್ಬರೇ ಕೂಲ್ ಆಗಿ ಕಿತ್ತಳೆ ಸುಲಿದು ಕೊಟ್ಟರಂತೆ. ಅದಕ್ಕೇ ತನಗೆ ಒಂಚೂರೂ ಭಯವಾಗಲಿಲ್ಲವಂತೆ. ಬಂದಿದ್ದ ಆಂಟಿಯೊಬ್ಬರು "ಅಪ್ಪ ಅಂದ್ರೆ ಹಾಗಿರ್ಬೇಕು" ಎಂದರು. ಹೆಂಡತಿ ತಲೆ ತಗ್ಗಿಸಿ ಮೊಸರು ಬಡಿಸುತ್ತಿದ್ದಳು.

ಅವರೆಲ್ಲ ಹೋದ ಮೇಲೆ, "ಅವಳಿಗೆ ನಿಜ ಹೇಳಿ. ನಾನು ಹೇಳೋದಲ್ಲ ಅದು" ಎಂದಳು.

ಮುಂದಿನ ತಿಂಗಳು ಮಗಳ ಡ್ಯಾನ್ಸ್ ಕಾರ್ಯಕ್ರಮಕ್ಕೆಂದು ಡಾಲಸ್‌ಗೆ ಡ್ರೈವ್ ಮಾಡುವಾಗ ಹೇಳಿದೆ. ಅದು ಧೈರ್ಯವಲ್ಲ, ಆಗ ನನಗೆ ಏನೂ ಅನ್ನಿಸುತ್ತಿರಲಿಲ್ಲ, ಅದೊಂದು ಕಾಯಿಲೆ ಎಂದೆ.

"ವಿಲ್ ಐ ಗೆಟ್ ಇಟ್ ಟೂ, ಅಪ್ಪ?"

ದೋಣಿಯಲ್ಲಿ ಬಾರದ ಭಯ ಈಗ ಬಂತು. "ಗೊತ್ತಿಲ್ಲಮ್ಮ. ಬಂದ್ರೆ ನನಗೆ ಹೇಳು. ಬೇರೆಯವರಿಗಿಂತ ಬೇಗ ಅರ್ಥ ಆಗುತ್ತೆ ನನಗೆ" ಎಂದೆ.

"ಓಕೆ" ಎಂದು ಅವಳು ಹೆಡ್‌ಫೋನ್ ಹಾಕಿಕೊಂಡಳು. ಡಾಲಸ್ ಇನ್ನೂ ಎರಡು ಗಂಟೆ ದಾರಿಯಿತ್ತು.