ಜಪಾನಿ ಬಲ್ಲ ನಿಜಗುಣಪ್ಪ

ಬೈಲಹೊಂಗಲದ ನನ್ನ ಸಿ.ಡಿ. ಅಂಗಡಿಯಲ್ಲಿ ಸಿನಿಮಾ ಹಚ್ಚಿದರೆ ಸಾಕು, ನಿಜಗುಣಪ್ಪ ಮುಂದೆ ಬಂದು ಕೂತು ಎಲ್ಲರಿಗೂ ಅರ್ಥ ಹೇಳುತ್ತಿದ್ದ. ಇಂಗ್ಲಿಷಿಗೆ ತುಸು ಅಂಜುತ್ತಿದ್ದ, ಕಲಿತವರು ಇದ್ದಾರೆಂದು. ಜಪಾನಿಗೆ ಆ ಭಯವಿರಲಿಲ್ಲ. ಕಬ್ಬಿಣದ ಹುಡುಗಿಯೊಬ್ಬಳು ನಕ್ಷತ್ರಗಳ ನಡುವೆ ಹಾರುವ ಜಪಾನಿ ಕಾರ್ಟೂನ್ ಸಿನಿಮಾಕ್ಕೆ ‘ತವರಮನಿಗೆ ಹೊಂಟಾಳ್ರಿ’ ಎಂದು ಕಥೆ ಕಟ್ಟಿ, ನೆರೆಮನೆಯ ರಾಚವ್ವನನ್ನು ಅಳಿಸಿದ್ದ. ನಾನು ವ್ಯಾಪಾರಸ್ಥ, ಅದರ ಎರಡನೇ ಭಾಗವನ್ನು ಹಿಂದಿಯಲ್ಲೇ ತರಿಸಿದೆ. ಅದರಲ್ಲಿ ಹುಡುಗಿ ತಾನೇ ಬಾಯಿಬಿಟ್ಟು, ತನ್ನನ್ನು ಯುದ್ಧಕ್ಕೆಂದು ಕಾರ್ಖಾನೆಯಲ್ಲಿ ಮಾಡಿದ್ದಾರೆ, ತನಗೆ ಮನೆಯೇ ಇಲ್ಲ ಎಂದುಬಿಟ್ಟಳು. ‘ಯಾವ ಬಸ್ಸಿಗೆ ಹೊಂಟಿದ್ದಳೋ ತವರಮನಿಗೆ?’ ಎಂದ ಎದುರಂಗಡಿಯ ರಹಿಮಾನಸಾಬ. ಎಲ್ಲರೂ ನಕ್ಕರು. ‘ಹಿಂದಿಯವ್ರಿಗೆ ಜಪಾನಿ ಬರೂದಿಲ್ರಿ’ ಎಂದ ನಿಜಗುಣಪ್ಪ, ಯಾರೂ ಕಿವಿಗೊಡಲಿಲ್ಲ. ವ್ಯಾಪಾರ ಬೆಳೆಯಿತು, ಅಂಗಡಿ ಸಪ್ಪಗಾಯಿತು. ಈಗ ಅವನು ಯಾವ ಸಿನಿಮಾ ಇದ್ದರೂ ಬಾಗಿಲಲ್ಲೇ ನಿಂತು ನೋಡಿ, ‘ಮೊದಲನೇದ ಛಲೋ ಇತ್ತು’ ಎಂದಷ್ಟೇ ಹೇಳಿ ಹೋಗುತ್ತಾನೆ. ಸವದತ್ತಿ ಕಡೆಯ ತನ್ನ ತವರೂರನ್ನು ಡ್ಯಾಮಿನ ನೀರಿಗೆ ಕಳೆದುಕೊಂಡ ರಾಚವ್ವ ಮಾತ್ರ ಅವನನ್ನು ಕಂಡಾಗಲೆಲ್ಲ ಕೇಳುತ್ತಾಳೆ: ‘ಆ ಹುಡುಗಿ ಮನಿ ಮುಟ್ಟಿದಳೇನೋ, ನಿಜಗುಣಾ?’ ಅವನು ನನ್ನ ಕಡೆ ನೋಡದೆ ಹೇಳುತ್ತಾನೆ: ‘ಮುಟ್ಟ್ಯಾಳ ಯವ್ವಾ. ಎರಡನೇದ್ರಾಗ ಅದಕ್ಕ ಕತ್ತರಿ ಹಾಕ್ಯಾರ.’