ಬ್ಯಾರನ್ ತುದಿಯ ಹಾಟ್‌ಸ್ಪಾಟ್

ಎರಡು ವರ್ಷದ ಹಿಂದಿನ ಮಾತು. ಡಿಸೆಂಬರ್ ತಿಂಗಳು. ಪಿರಿಯಾಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿರುವ ನನ್ನ ಅಕ್ಕ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಿದ್ದಳು. ಅಡುಗೆಗೆ ಆಸರೆಯಾಗಲಿ ಎಂದು ನಾನು ನಮ್ಮೂರು ಭೇರ್ಯದಿಂದ ಬಂದು ಉಳಿದುಕೊಂಡಿದ್ದೆ. ಶಾಲೆಯ ಪ್ರಶ್ನೆಪತ್ರಿಕೆ ತಯಾರಿಸುವುದು ಬಾಕಿ ಇದ್ದುದರಿಂದ ಲ್ಯಾಪ್‌ಟಾಪನ್ನೂ ಹೊತ್ತು ತಂದಿದ್ದೆ.

ನಾನು ಕನ್ನಡ ಟೀಚರು. ಆಗ ಅತಿಥಿ ಶಿಕ್ಷಕಿ. ವರ್ಷಗಟ್ಟಲೆ ಅತಿಥಿಯಾಗಿಯೇ ಇದ್ದವರನ್ನು ಬೇರೆ ಯಾವ ಮನೆಯಲ್ಲಾದರೂ ಒಂದೋ ಮನೆಯವರನ್ನಾಗಿ ಮಾಡಿಕೊಳ್ಳುತ್ತಿದ್ದರು, ಇಲ್ಲವೇ ಓಡಿಸುತ್ತಿದ್ದರು. ನನ್ನ ವಿಷಯದಲ್ಲಿ ಎರಡೂ ಆಗಿರಲಿಲ್ಲ. ಪ್ರತಿ ಜೂನ್‌ನಲ್ಲಿ ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಬಾಯಿ ಬಾಯಿ ಬಿಡುತ್ತಾ ಕೂರಬೇಕಿತ್ತು. ಹುಣಸೂರು ಕಡೆಯ ಒಂದು ವಸತಿ ಶಾಲೆಯಲ್ಲಿ ಕಾಯಂ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಅವರ ನಿಯಮದ ಪ್ರಕಾರ ಮುಂದಿನ ವರ್ಷಕ್ಕೆ ನನ್ನ ವಯಸ್ಸು ಮೀರಿಹೋಗುತ್ತಿತ್ತು. ಇದು ತಪ್ಪಿದರೆ ಮತ್ತೆ ಇಲ್ಲ.

ಅಕ್ಕನ ಊರಿನಲ್ಲಿ ನನ್ನ ಫೋನಿಗೆ ಸಿಗ್ನಲ್ ಅನ್ನುವುದೇ ಇಲ್ಲ. ನೋವಿನ ಎಣ್ಣೆ ತರಲು ಪಿರಿಯಾಪಟ್ಟಣಕ್ಕೆ ಹೋದಾಗಲೇ ಗೊತ್ತಾದದ್ದು, ಮರುದಿನ ಹನ್ನೊಂದು ಗಂಟೆಗೆ ಆನ್‌ಲೈನ್ ಸಂದರ್ಶನ ಎಂದು. ಪಟ್ಟಣದಲ್ಲೇ ಎಲ್ಲಾದರೂ ಕೂತು ಮುಗಿಸೋಣ, ಬೈಕಿನಲ್ಲಿ ಬಿಡುತ್ತೇನೆ ಎಂದು ಭಾವ ಧೈರ್ಯ ಹೇಳಿದರು. ಬೆಳಿಗ್ಗೆ ಎದ್ದು ರೇಷ್ಮೆ ಸೀರೆ ಉಟ್ಟು ಹೊರಗೆ ಬಂದರೆ ಬೈಕು ಸ್ಟಾರ್ಟ್ ಆಗಲೊಲ್ಲದು. ಭಾವ ಒದ್ದರು, ಬೈದರು, ಮಲಗಿಸಿದರು, ಎಬ್ಬಿಸಿದರು. ಅಷ್ಟರಲ್ಲಿ ಬಸ್ಸೂ ಹೋಗಿತ್ತು. ಗಂಟೆ ಹತ್ತೂವರೆ ದಾಟಿತು. ನಾನು ಜಗಲಿಯ ಮೇಲೆ ಕುಸಿದು ಕೂತೆ. ನಿಜ ಹೇಳುತ್ತೇನೆ, ಅಳು ಬಂದುಬಿಟ್ಟಿತ್ತು.

ಭಾವ ಪುಟ್ಟಸ್ವಾಮಿಯವರ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಅವರು ಹೊಗೆಸೊಪ್ಪು ಬೆಳೆಯುವವರು. ನನ್ನ ಹೆಸರು ಹೇಮಾ, ಅವರ ಬಾಯಲ್ಲಿ ಏಮಾ. ಅಕ್ಕನ ಮದುವೆಯ ಹೊಸದರಲ್ಲಿ ನಾನು ತಿದ್ದಲು ಹೋಗಿ, "ಏಮಾ ಅಲ್ಲ ಭಾವ, ಹೇಮಾ" ಎಂದಿದ್ದೆ. "ಅದ್ನೇ ಅಲ್ವಾ ನಾನೂ ಏಳ್ತಿರೋದು" ಎಂದಿದ್ದರು. ಅಲ್ಲಿಂದ ಇಲ್ಲಿಯವರೆಗೆ ನಾನು ಬಿಟ್ಟಿಲ್ಲ, ಅವರು ತಿದ್ದಿಕೊಂಡಿಲ್ಲ.

ಅವರ ಫೋನಿನ ಕಂಪನಿ ಬೇರೆ. ಅದಕ್ಕೂ ಮನೆಯೊಳಗೆ ಸಿಗ್ನಲ್ ಇಲ್ಲ. ಆದರೆ ಮನೆಯ ಎದುರಿಗೇ ಹೊಗೆಸೊಪ್ಪನ್ನು ಬಿಸಿಯಲ್ಲಿ ಒಣಗಿಸಿ ಬೇಯಿಸುವ ಬ್ಯಾರನ್ ಇದೆ, ಎರಡಾಳಿಗಿಂತ ಎತ್ತರದ ಕಟ್ಟಡ. ಅದಕ್ಕೆ ಏಣಿ ಹಾಕಿ ತುದಿಗೆ ಹತ್ತಿ ಕೈ ಎತ್ತಿದರೆ ನೆಟ್ ಬರುತ್ತದೆ. ಅವರ ಮಗಳು ಗಂಡನ ಮನೆಯಿಂದ ಬಂದಾಗ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವುದು ಈ ಉಪಾಯದಿಂದಲೇ ಅಂತೆ. ಮೇಲಿರುವ ಫೋನಿನ ಹಾಟ್‌ಸ್ಪಾಟ್ ಹಾಕಿದರೆ ಕೆಳಗಿನ ಲ್ಯಾಪ್‌ಟಾಪಿಗೆ ನೆಟ್ ಸಿಗುತ್ತದೆ. ಭಾವ ಇದನ್ನು ನೆನಪಿಸಿಕೊಂಡವರೇ ಹೆಚ್ಚು ಮಾತಾಡದೆ ಪಂಚೆ ಎತ್ತಿ ಕಟ್ಟಿ ಏಣಿ ಹತ್ತಿದರು.

ನಾನು ಜಗಲಿಯಲ್ಲಿ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡೆ. ಭಾವನ ಹಾಟ್‌ಸ್ಪಾಟ್ ಕಾಣಿಸಿತು. ಪಾಸ್‌ವರ್ಡ್ ಕೇಳಿತು. ಮೇಲಕ್ಕೆ ಕೂಗಿ ಕೇಳಿದೆ.

"ಒಗೆಸೊಪ್ಪು" ಎಂದು ಭಾವ ಇಡೀ ಬೀದಿಗೆ ಕೇಳುವಂತೆ ಕೂಗಿದರು. "ಇಂಗ್ಲೀಸ್ನಲ್ಲಿ ಒಡಿ. ಎಲ್ಲಾ ಚಿಕ್ಕಕ್ಸರ."

ಹೊಗೆಸೊಪ್ಪು ಎಂದು ಒತ್ತಿದೆ. ತಪ್ಪು ಎಂದಿತು. ಒಂದು ಪಿ ಕಡಿಮೆ ಮಾಡಿ ನೋಡಿದೆ, ತಪ್ಪು. ಮಧ್ಯೆ ಜಾಗ ಬಿಟ್ಟೆ, ಮೊದಲಕ್ಷರ ದೊಡ್ಡದು ಮಾಡಿದೆ, ಕೊನೆಗೆ ತಂಬಾಕು ಅಂತಲೂ ಒತ್ತಿದೆ. ಯಾವುದಕ್ಕೂ ಒಪ್ಪಲಿಲ್ಲ. ಫೋನಿನಲ್ಲೇ ನೋಡಿ ಹೇಳಿ ಎಂದರೆ ಭಾವನ ಕನ್ನಡಕ ಕೆಳಗೆ ಗೂಡಿನಲ್ಲಿತ್ತು. ಹನ್ನೊಂದಾಗಿಯೇ ಹೋಯಿತು. ನನಗೆ ಕೋಪ ನೆತ್ತಿಗೇರಿತ್ತು. ಆ ಶಾಲೆಯವರ ಮೇಲೆ, ಬೈಕಿನ ಮೇಲೆ, ಅಕ್ಕನ ಕಾಲಿನ ಮೇಲೆ ಕೂಡ.

ಜಗಲಿಯ ಮಂಚದಲ್ಲಿ ಕಾಲು ಚಾಚಿಕೊಂಡಿದ್ದ ಅಕ್ಕ, ನೀನು ಒತ್ತಿರೋದನ್ನ ಒಂದೊಂದೇ ಅಕ್ಷರ ಓದಿ ಹೇಳು ಎಂದಳು. ನಾನು ಜೋರಾಗಿ ಓದಿದೆ. "ಎಚ್, ಓ..."

"ಎಚ್ ಎಲ್ಲಿಂದ ಬಂತು?" ಎಂದರು ಭಾವ ಮೇಲಿನಿಂದ.

"ಹೊಗೆಸೊಪ್ಪು ಅಂದರೆ ಎಚ್ ಬೇಡವಾ ಭಾವ?"

"ಒಗೆಸೊಪ್ಪಿಗೆ ಎಚ್ ಯಾಕವ್ವಾ? ಓ ಇಂದ ಸುರು ಮಾಡು."

ಓ ಇಂದ ಶುರು ಮಾಡಿದೆ. ನೆಟ್ಟಿನ ಬಾಗಿಲು ತೆರೆಯಿತು. ಅಕ್ಕ ಕಾಲುನೋವು ಮರೆತು ಬಿದ್ದು ಬಿದ್ದು ನಗುತ್ತಿದ್ದಳು.

ಐದಾರು ನಿಮಿಷ ತಡವಾಗಿ ಪರದೆಯ ಮೇಲೆ ಇಬ್ಬರು ಕಾಣಿಸಿಕೊಂಡರು, ಶಾಲೆಯ ಮುಖ್ಯಸ್ಥೆ ಮತ್ತು ಒಬ್ಬ ವಯಸ್ಸಾದ ಕನ್ನಡ ಪ್ರಾಧ್ಯಾಪಕರು. ನಾನು ನಮಸ್ಕಾರ ಎನ್ನುವ ಹೊತ್ತಿಗೇ ಮೇಲಿನಿಂದ "ಸಿಕ್ತಾ ಏಮಾ?" ಎಂಬ ಕೂಗು ಬಂತು. ಅದು ಯಾರು ಎಂದು ಪ್ರಾಧ್ಯಾಪಕರು ಕೇಳಿದರು. ಸುಳ್ಳು ಹೊಳೆಯಲಿಲ್ಲ. ಬೈಕು, ಬ್ಯಾರನ್, ಏಣಿ, ಪಾಸ್‌ವರ್ಡ್ ಎಲ್ಲವನ್ನೂ ಹೇಳಿಬಿಟ್ಟೆ. ಇಬ್ಬರೂ ಜೋರಾಗಿ ನಕ್ಕರು. ನಗು ನಿಂತ ಮೇಲೆ ಪ್ರಾಧ್ಯಾಪಕರು, ನಿಮ್ಮ ವಿದ್ಯಾರ್ಥಿಯೊಬ್ಬ ಪರೀಕ್ಷೆಯಲ್ಲಿ ಒಗೆಸೊಪ್ಪು ಎಂದೇ ಬರೆದರೆ ಏನು ಮಾಡುತ್ತೀರಿ ಎಂದರು.

ಹಿಂದಿನ ದಿನ ಕೇಳಿದ್ದರೆ, ಕೆಂಪು ಗೆರೆ ಎಳೆಯುತ್ತೇನೆ ಎಂದು ಪಟ್ಟನೆ ಹೇಳುತ್ತಿದ್ದೆ. ಈಗ ಬಾಯಿಗೆ ಬಂದದ್ದೇ ಬೇರೆ. "ಬರೆಯುವಾಗ ಹ ಬೇಕಪ್ಪಾ ಎಂದು ಹೇಳಿಕೊಡುತ್ತೇನೆ ಸಾರ್. ಆದರೆ ಅವನು ಕೇಳಿಸಿಕೊಂಡದ್ದನ್ನು ಸರಿಯಾಗಿಯೇ ಬರೆದಿದ್ದಾನೆ ಅಂತಲೂ ಹೇಳುತ್ತೇನೆ. ನನಗೆ ಇವತ್ತು ಅಷ್ಟು ಮಾಡಲು ಆಗಲಿಲ್ಲ."

ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ಛಂದಸ್ಸು ಕೇಳಿದರು, ವಚನ ಓದಿಸಿದರು. ನಡುನಡುವೆ ಅವರ ಮುಖ ಪರದೆಯ ಮೇಲೆ ಹಾಗೇ ನಿಂತುಬಿಡುತ್ತಿತ್ತು. ಆಗ ನಾನು ಅಕ್ಕನ ಕಡೆ ನೋಡುತ್ತಿದ್ದೆ. ಅಕ್ಕ ಊರುಗೋಲನ್ನು ಮೇಲಕ್ಕೆತ್ತಿ ಸನ್ನೆ ಮಾಡುತ್ತಿದ್ದಳು. ಭಾವ ಕೈ ಎತ್ತುತ್ತಿದ್ದರು. ಮುಖಗಳು ಮತ್ತೆ ಅಲ್ಲಾಡುತ್ತಿದ್ದವು. ಭಾವ ಆಗಾಗ ಕೈ ಇಳಿಸಿ ಫೋನಿನ ಮೇಲೆ ಏನೋ ಒತ್ತಿ ಮತ್ತೆ ಎತ್ತುವುದು ಕಾಣುತ್ತಿತ್ತು. ಪಾಪ, ತೋಳು ಸೋತಿರಬೇಕು ಅಂದುಕೊಂಡೆ.

ಸಂದರ್ಶನ ಮುಗಿಯಿತು. ನಾನೂ ಅಕ್ಕನೂ ಒಬ್ಬರನ್ನೊಬ್ಬರು ತಬ್ಬಿಕೊಂಡು, ಅವರು ಹೀಗೆ ಕೇಳಿದರು, ನಾನು ಹೀಗೆ ಹೇಳಿದೆ ಎಂದು ಎಲ್ಲವನ್ನೂ ಮತ್ತೊಮ್ಮೆ ಆಡಿಕೊಂಡೆವು. ಆಮೇಲೆ ಮೇಲಿನಿಂದ ಸಣ್ಣ ದನಿ ಬಂತು.

"ಮುಗ್ದಿದ್ರೆ ಇಳೀಲಾ?"

ಪಾಪದ ಮನುಷ್ಯ, ಬಿಸಿಲಲ್ಲಿ ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದರು.

ಕೆಳಗೆ ಬಂದವರಿಗೆ ಮಜ್ಜಿಗೆ ಕೊಟ್ಟೆ. ಎಡಗೈಯಲ್ಲಿ ಲೋಟ ಹಿಡಿದು ಬಲತೋಳನ್ನು ಮೊಣಕಾಲಿನ ಮೇಲೆ ಚಾಚಿಕೊಂಡರು. ಅಷ್ಟರಲ್ಲಿ ಪಕ್ಕದ ಹೊಲದ ನಂಜೇಗೌಡರು ಪಿರಿಯಾಪಟ್ಟಣದಿಂದ ಬೈಕಿನಲ್ಲಿ ಬಂದು ಇಳಿದರು. ಇಳಿದವರೇ ಭಾವನ ಮೇಲೆ ರೇಗಿದರು. ಆವತ್ತು ಭಾವನ ಹೊಗೆಸೊಪ್ಪಿನ ಹರಾಜು ಇತ್ತಂತೆ. ಹಿಂದಿನ ದಿನವೇ ಸೊಪ್ಪನ್ನು ಬೇಲು ಕಟ್ಟಿ ಮಾರುಕಟ್ಟೆಗೆ ಕಳಿಸಿದ್ದರಂತೆ. ನನ್ನನ್ನು ಪಟ್ಟಣದಲ್ಲಿ ಬಿಟ್ಟು ಅಲ್ಲಿಗೇ ಹೋಗುವ ಲೆಕ್ಕ ಅವರದು. ಬೆಲೆ ಕೂಗಿದಾಗ ಒಪ್ಪಲೋ ಬೇಡವೋ ಎಂದು ಕೇಳಲು ಹರಾಜಿನಲ್ಲಿದ್ದ ಗೌಡರು ಮೇಲಿಂದ ಮೇಲೆ ಫೋನ್ ಮಾಡಿದ್ದರು. ಭಾವ ಪ್ರತಿ ಸಲವೂ ಕತ್ತರಿಸಿದ್ದರು. ಕರೆ ತೆಗೆದುಕೊಂಡರೆ ನನ್ನ ನೆಟ್ ನಿಂತುಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಬೇಲುಗಳು ಮಾರಾಟವಾಗದೆ ಹಾಗೇ ಉಳಿದಿದ್ದವು.

ನನಗೆ ಭೂಮಿಗಿಳಿದು ಹೋದಂತಾಯಿತು. ವರ್ಷವಿಡೀ ದುಡಿದ ಬೆಳೆ ಭಾವ, ಒಂದು ಮಾತು ಹೇಳಬಾರದಿತ್ತೇ, ನನ್ನದು ಹೋದರೆ ಹೋಗುತ್ತಿತ್ತು ಎಂದೆ.

ಅವರು ಮಜ್ಜಿಗೆ ಮುಗಿಸಿ ಲೋಟ ಕೆಳಗಿಟ್ಟರು. "ಸೊಪ್ಪು ನಾಳೀಕೂ ಅರಾಜಾಯ್ತದೆ ಬುಡವ್ವ. ನಿಂದು ನಾಳೀಕೆ ಆಯ್ತಿತ್ತಾ?"

ಸೊಪ್ಪು ಆಮೇಲೆ ಹರಾಜಾಯಿತು. ಎಷ್ಟಕ್ಕೆ ಹೋಯಿತು ಎಂದು ಎಷ್ಟು ಸಲ ಕೇಳಿದರೂ ಭಾವ ಇವತ್ತಿನವರೆಗೆ ಹೇಳಿಲ್ಲ.

ನನಗೆ ಕೆಲಸ ಸಿಕ್ಕಿತು. ಸುದ್ದಿ ಬಂದಾಗ ಭೇರ್ಯದ ಮನೆಯಲ್ಲಿದ್ದೆ. ಮೊದಲು ಭಾವನಿಗೆ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಇನ್ನೇನು ಮಾಡುವುದು, ಬಸ್ಸು ಹತ್ತಿದೆ. ಎರಡು ಬಸ್ಸು ಬದಲಾಯಿಸಿ, ಮಟ ಮಟ ಮಧ್ಯಾಹ್ನ ಹೊಲದ ಬದುವಿನ ಮೇಲೆ ನಿಂತು, ಕೆಲಸ ಆಯ್ತು ಭಾವ ಎಂದು ಕೂಗಿದೆ. ಅವರು ಬಗ್ಗಿದ್ದವರು ನೆಟ್ಟಗಾಗಿ ನನ್ನನ್ನೇ ನೋಡಿದರು. ಇಷ್ಟು ಹೇಳುವುದಕ್ಕೆ ಅಷ್ಟು ದೂರದಿಂದ ಬಂದೆಯಾ ಎಂದು ಕೇಳಿದರು. ಹೌದು ಎಂದೆ. ಭಾವ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಬೆವರು ಒರೆಸಿಕೊಂಡದ್ದು ಎಂದು ಈಗಲೂ ವಾದಿಸುತ್ತಾರೆ. ನಾನು ಒಪ್ಪಿಲ್ಲ.